ಹಿಂದಿನ ಸೀಟು

ಒಡೆದ ಹೆಂಚು ಬದಲಿಸಿ ಕೈಯಾಡಿಸಲು ಮನೆಯ ಮಾಡು ಹತ್ತಿದ್ದ ನನ್ನ ಗಂಡ ಜಾರಿ ಅಂಗಳಕ್ಕೆ ಬಿದ್ದರು. ಸೊಂಟ ಮುರಿದಿತ್ತು, ತಲೆಯಿಂದ ರಕ್ತ ಸುರಿಯುತ್ತಿತ್ತು. ಆಗ ಹೊಸನಗರ ರಸ್ತೆಯಲ್ಲಿ ಪಕ್ಕದ ಮನೆಯ ಸುಹಾಸನ ಕಾರಿನ ಅಬ್ಬರ ಕೇಳಿಸಿತು. ದಿನವೂ ನಾನು ಬೈಯುತ್ತಿದ್ದ ಸದ್ದು ಅದು. ಓಡಿಹೋಗಿ ಅಡ್ಡ ನಿಂತೆ.

"ಇವ್ರನ್ನ ಹಿಂದೆ ಮಲಗಿಸ್ಕೊಂಡು ಸಾಗರದ ಆಸ್ಪತ್ರೆಗೆ ಬಿಡೋ ಮಾರಾಯ" ಎಂದು ಬಾಗಿಲು ತೆಗೆದರೆ, ಒಳಗೆ ಅಡ್ಡಡ್ಡ ಕಬ್ಬಿಣದ ಪೈಪುಗಳು.

"ಹಿಂದೆ ಸೀಟೇ ಇಲ್ಲ ಅಕ್ಕಾ. ರೇಸಿಗೆ ಅಂತ ಈ ಪೈಪು ಹಾಕ್ಸಿ, ಸ್ಪೀಡ್ ಬರ್ಲಿ ಅಂತ ಸೀಟು ಬಿಚ್ಚಿಸ್ಬಿಟ್ಟಿದ್ದೆ" ಎಂದು ಸುಹಾಸ ಅತ್ತುಬಿಟ್ಟ. ಮುಂದೆ ಕೂರುವ ಸ್ಥಿತಿಯಲ್ಲಿ ಇವರಿರಲಿಲ್ಲ. ಆಂಬುಲೆನ್ಸ್ ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಈಗ ಆ ಕಾರಿಗೆ ಹಿಂದಿನ ಸೀಟು ಬಂದಿದೆ. ನಮ್ಮ ಮನೆ ಮುಂದಿನ ಇಳಿಜಾರಿನಲ್ಲಿ ಸುಹಾಸ ಎಂಜಿನ್ ಆರಿಸಿ, ಸದ್ದಿಲ್ಲದೆ ದಾಟಿ ಹೋಗುತ್ತಾನೆ. ಆದರೂ ನನಗೆ ಗೊತ್ತಾಗುತ್ತದೆ.