ಎದುರು ಸಾಲಿನವಳು

ಮೊದಲೇ ಹೇಳಿಬಿಡುತ್ತೇನೆ, ನನಗೆ ಬಾಯಿ ಜಾಸ್ತಿ. ಕೊಲ್ಲಿಯ ಮುಹರ್ರಕ್ ದ್ವೀಪದ ನಮ್ಮ ಓಣಿಯಲ್ಲಿ ಯಾರ ಮನೆಯ ಅನ್ನ ಸೀದರೂ ಸಂಜೆಯೊಳಗೆ ನಾಲ್ಕು ಮನೆಗೆ ಸುದ್ದಿ ಮುಟ್ಟುವುದು ನನ್ನಿಂದಲೇ. ಆದರೆ ತರ್ಫಾಳ ಕತೆಯನ್ನು ಈವರೆಗೆ ಯಾರಿಗೂ ನೆಟ್ಟಗೆ ಹೇಳಿಲ್ಲ. ಅವಳು ಹೋಗಿ ಇವತ್ತಿಗೆ ನಲವತ್ತು ದಿನ. ಇನ್ನೂ ಹೇಳದೆ ಇಟ್ಟುಕೊಂಡರೆ ನನಗೇ ಏನಾದರೂ ಆದೀತು.

ತರ್ಫಾ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಕಸ ಗುಡಿಸಿದವಳು. ಗುಡಿಸಿದಳು, ಟೀಚರುಗಳಿಗೆ ಚಹಾ ಕಾಯಿಸಿದಳು, ಗಂಟೆ ಬಾರಿಸಿದಳು. ಮಗಳು ಹಯಾ ನಾಲ್ಕು ವರ್ಷದವಳಿದ್ದಾಗಲೇ ಗಂಡ ತೀರಿಕೊಂಡ. ಇನ್ನೊಂದು ಮದುವೆ ಮಾಡಿಕೋ ಎಂದವರಿಗೆಲ್ಲ, "ಒಬ್ಬನ ಬಟ್ಟೆ ಒಗ್ದಿದ್ದೇ ಸಾಕಾಗಿದೆ, ಬಿಡ್ರೇ" ಎನ್ನುತ್ತಿದ್ದಳು. ಉದ್ದನೆಯ ಹೆಂಗಸು, ಚಪ್ಪಟೆ ಪಾದ, ಎಲ್ಲಿ ಬರುತ್ತಿದ್ದರೂ ಚಪ್ಪಲಿಯ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಹಾಡಿಗೆ ನಿಂತರೆ ಮಾತ್ರ ಅವಳೇ ಬೇರೆ.

ನಮ್ಮ ಮುರಾದಾ ಹೆಂಗಸರ ಹಾಡು. ತಮಟೆ ಇಲ್ಲ, ತಾಳ ಇಲ್ಲ, ಎಲ್ಲ ಗಂಟಲಲ್ಲೇ. ಎರಡು ಸಾಲು ಎದುರುಬದುರು ನಿಲ್ಲುತ್ತವೆ. ಪಕ್ಕದವಳ ಕೈ ಹಿಡಿದು ಒಂದು ಸಾಲಿನವರು ಮೂರು ಹೆಜ್ಜೆ ಮುಂದೆ ಬಂದು ಒಂದು ಪದ ಹಾಡಿ ಹಿಂದೆ ಸರಿಯುತ್ತಾರೆ. ಎದುರಿನವರು ಮುಂದೆ ಬಂದು ಅದೇ ಪದವನ್ನು ಇದ್ದ ಹಾಗೆಯೇ ಹಿಂದಿರುಗಿಸಬೇಕು. ಹಿಂದಿರುಗಿಸದೆ ಬಿಟ್ಟರೆ ಆ ಸಾಲಿಗೇ ನಾಚಿಕೆಗೇಡು. ಪದ ಮುಗಿಯುವ ಮುಂಚೆ ನಡುವೆ ಬಾಯಿ ಹಾಕುವುದೂ ಅಷ್ಟೇ ದೊಡ್ಡ ತಪ್ಪು. ನಮ್ಮ ಸಾಲಿಗೆ ತರ್ಫಾ ಹಿರಿಯಳು. ಅವಳ ಎಡಗೈ ನಲವತ್ತು ವರ್ಷ ನನ್ನ ಬಲಗೈಯಲ್ಲಿತ್ತು. ಎದುರು ಸಾಲಿಗೆ ಹಿರಿಯಳು ಲುಲ್ವಾ, ತರ್ಫಾಳ ಗೋಡೆಯಾಚೆಯ ಮನೆಯವಳು.

ಒಂದು ಕಾಲದಲ್ಲಿ ಅವರಿಬ್ಬರನ್ನು ಬಿಡಿಸುವುದೇ ಕಷ್ಟವಿತ್ತು. ಒಬ್ಬಳು ಮೀನು ಹುರಿದರೆ ಇನ್ನೊಬ್ಬಳ ತಟ್ಟೆ ಗೋಡೆಯ ಮೇಲೆ ಕಾಯುತ್ತಿತ್ತು. ಹಯಾ ಹುಟ್ಟಿ ಮೂರು ತಿಂಗಳಿಗೆ ಲುಲ್ವಾಳಿಗೆ ಜಬರ್ ಹುಟ್ಟಿದ. ಇಪ್ಪತ್ತು ದಿನದ ಬಾಣಂತಿಗೆ ಜ್ವರ ಏರಿ ಲುಲ್ವಾಳನ್ನು ಆಸ್ಪತ್ರೆಗೆ ಒಯ್ದರು. ಕೂಸು ಮನೆಯಲ್ಲೇ ಉಳಿಯಿತು. ಹಾಲಿನ ಪುಡಿ ತರಲು ಹೋದ ಅವಳ ಗಂಡ ಮಧ್ಯಾಹ್ನವಾದರೂ ಬರಲಿಲ್ಲ. ಕೂಸು ಅತ್ತು ಅತ್ತು ನೀಲಿಗಟ್ಟಿತು. ತರ್ಫಾ ಹೋಗಿ, ನಾನು ಕುಡಿಸುತ್ತೇನೆ ಎಂದರೆ ಲುಲ್ವಾಳ ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಕಂಡೋರ ಹಾಲು ಕುಡ್ಸಿ ನನ್ನ ಮೊಮ್ಮಗನಿಗೆ ಇಲ್ಲದ ನೆಂಟಸ್ತಿಕೆ ಅಂಟಿಸ್ಬೇಡ" ಎಂದಳು. ಮುದುಕಿಯ ಮಾತು ತಪ್ಪೇನಲ್ಲ. ನಮ್ಮಲ್ಲಿ ಒಬ್ಬಳ ಎದೆಹಾಲು ಕುಡಿದವರು ಒಡಹುಟ್ಟಿದವರೇ, ಮದುವೆ ಕೂಡುವುದಿಲ್ಲ.

ಮುದುಕಿ ನಮಾಜಿಗೆ ನಿಂತಾಗ ತರ್ಫಾ ಹಿತ್ತಲ ಬಾಗಿಲಿನಿಂದ ಒಳಗೆ ಹೋದಳು. ಬಾಗಿಲು ಕಾದವಳು ನಾನು. ಅವಳು ಕೂಸನ್ನು ಎತ್ತಿಕೊಂಡಿದ್ದನ್ನೂ ಅದು ಗಬಗಬ ಕುಡಿದಿದ್ದನ್ನೂ ಈ ಎರಡು ಕಣ್ಣಿಂದ ನೋಡಿದ್ದೇನೆ. ನನ್ನ ಗಂಡ ಆಗ ಲುಲ್ವಾಳ ಮಾವನ ಮೀನಿನ ದೋಣಿಯಲ್ಲಿ ಕೆಲಸಕ್ಕಿದ್ದ. ಅತ್ತೆಗೆ ಗೊತ್ತಾದರೆ ಮರುದಿನವೇ ಅವನು ದಡದಲ್ಲಿ ಕೂರಬೇಕು. "ಹೆದರ್ಬೇಡ ಕಣೇ ವಸ್ಮಿಯಾ, ನೀನು ಇಲ್ಲಿದ್ದೆ ಅಂತ ನಾನು ಸತ್ರೂ ಹೇಳೋದಿಲ್ಲ" ಎಂದಳು ತರ್ಫಾ. ಲುಲ್ವಾ ವಾಸಿಯಾಗಿ ಬಂದ ಮೇಲೆ ಹೇಳೋಣ ಅಂದುಕೊಂಡಳು, ಬಾಣಂತಿಗೆ ಅತ್ತೆಯ ಕಾಟ ಇನ್ನಷ್ಟು ಹೆಚ್ಚೀತೆಂದು ಸುಮ್ಮನಾದಳು. ಮಕ್ಕಳಿಬ್ಬರೂ ತೊಟ್ಟಿಲಲ್ಲಿದ್ದಾಗ ಮದುವೆಯ ಮಾತು ಯಾರ ತಲೆಯಲ್ಲಿರುತ್ತದೆ? ಹಾಗೇ ಮರೆತೂಬಿಟ್ಟೆವು.

ಇಪ್ಪತ್ತು ವರ್ಷ ಕಳೆದ ಮೇಲೆ ಒಂದು ಸಂಜೆ ಲುಲ್ವಾ ತಟ್ಟೆ ತುಂಬ ಹಲ್ವಾ ಹಿಡಿದು, ನಗುತ್ತ ಬಂದು, ಜಬರನಿಗೆ ಹಯಾಳನ್ನು ಕೇಳಿದಳು. ಹುಡುಗ ಹುಡುಗಿ ಆಗಲೇ ಒಪ್ಪಿಕೊಂಡಿದ್ದಾರೆ ಎಂದಳು. ತರ್ಫಾಳ ಮುಖ ಸುಣ್ಣವಾಯಿತು. ಕಾಫಿ ಬಗ್ಗಿಸುತ್ತಿದ್ದವಳು ನಾನೇ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ನನ್ನ ಹೆಸರೊಂದನ್ನು ಬಿಟ್ಟು.

"ಯಾರು ನೋಡಿದಾರೆ?" ಎಂದಳು ಲುಲ್ವಾ. "ಒಬ್ರನ್ನ ತೋರ್ಸು. ನಿನ್ ಮಗಳಿಗೆ ದೊಡ್ಡ ಮನೆ ಬೇಕು, ಅದಕ್ಕೆ ಹಾಲಿನ ಕತೆ ಕಟ್ತಿದೀಯ."

ತರ್ಫಾ ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನಾನು ಕಾಫಿಯ ಹೂಜಿ ಹಿಡಿದು ಕಂಬದ ಹಾಗೆ ನಿಂತಿದ್ದೆ. ಥೂ ನನ್ನ ಜನ್ಮಕ್ಕೆ! ಒಂದು ಮಾತು, ಒಂದೇ ಒಂದು ಮಾತು ಸಾಕಿತ್ತು. ಆಗಲೂ ಅದೇ ದೋಣಿಯಲ್ಲಿದ್ದ ಗಂಡನ ಅನ್ನ ಹೋದೀತೆಂದು ನುಂಗಿಕೊಂಡೆ.

ಮಸೀದಿಯ ಇಮಾಮರ ಮುಂದೆ ತರ್ಫಾ ಕುರಾನ್ ಮುಟ್ಟಿ ಆಣೆ ಮಾಡಿದಳು. ಒಂದು ಗುಟುಕಾದರೂ ಆಯಿತು, ಇವರು ಅಕ್ಕ ತಮ್ಮ ಎಂದರು ಅವರು. ಮದುವೆ ನಿಂತಿತು. ಲುಲ್ವಾ ಓಣಿಯ ನಡುವೆ ನಿಂತು, "ಸುಳ್ಳು ಆಣೆ ಮಾಡಿದವಳ ಮುಖ ನೋಡೋದಿಲ್ಲ" ಎಂದಳು. ತಟ್ಟೆ ಇಡುತ್ತಿದ್ದ ಗೋಡೆಯನ್ನು ಒಂದಾಳು ಎತ್ತರಕ್ಕೆ ಏರಿಸಿದರು. ಜಬರ್ ಬೇರೆ ಕಡೆ ಮದುವೆಯಾದ, ನಾಲ್ಕು ಮಕ್ಕಳಾದವು. ಹಯಾಳನ್ನು ರಿಫಾ ಊರಿಗೆ ಕೊಟ್ಟರು. ದೊಡ್ಡ ಮನೆಯೇನಲ್ಲ, ಒಳ್ಳೆಯ ಮನೆಯೂ ಅಲ್ಲ. ಮೂರೇ ವರ್ಷಕ್ಕೆ ತಲಾಕ್ ಆಗಿ, ಬರಿಗೈಯಲ್ಲಿ ತಾಯಿಯ ಬಳಿಗೆ ಬಂದಳು.

ಆದರೆ ಈದ್ ಹಬ್ಬದ ಹಾಡು ಬಿಡುವ ಹಾಗಿಲ್ಲವಲ್ಲ. ಎರಡು ಸಾಲಿಗೂ ಹಿರಿಯರು ಬೇಕು. ಮಾತು ಬಿಟ್ಟ ವರ್ಷವೇ ತರ್ಫಾ ಒಂದು ಪದ ಕಟ್ಟಿದಳು: "ಗೋಡೆಯಾಚೆಯ ಗೆಳತೀ, ನನ್ನಲ್ಲಿ ಸುಳ್ಳಿಲ್ಲ." ಎದುರಿನವರು ಅದನ್ನು ಹಿಂದಿರುಗಿಸಲೇಬೇಕು. ಲುಲ್ವಾ ಹಲ್ಲು ಕಚ್ಚಿಕೊಂಡು ಹಾಡಿದಳು. ತರ್ಫಾ ನನ್ನ ಕೈ ಹಿಸುಕಿ, "ನೋಡಿದ್ಯೇನೇ, ಅವಳ ಬಾಯಲ್ಲೇ ಗೆಳತಿ ಅನ್ನಿಸ್ದೆ" ಎಂದು ಒಳಗೊಳಗೇ ನಕ್ಕಳು. ಮೂವತ್ತು ವರ್ಷ, ಪ್ರತಿ ಈದಿಗೂ ಅದೇ ಪದ. ನಕ್ಕು ಮನೆಗೆ ಹೋಗಿ ಅಳುತ್ತಿದ್ದಳೆಂದು ಹಯಾ ಆಮೇಲೆ ಹೇಳಿದಳು.

ನಾವು ಹಾಡುತ್ತಿದ್ದ ಬಯಲು ಕಾರು ನಿಲ್ಲಿಸುವ ಜಾಗವಾಯಿತು. ವೃದ್ಧರ ಹಗಲು ಕೇಂದ್ರದವರು ಮಂಗಳವಾರ ಹಗಲು ತಮ್ಮ ಹಾಲ್ ಬಿಟ್ಟುಕೊಟ್ಟರು. ಸಾಲಿಗೆ ಹದಿನೈದು ಇದ್ದವರು ಏಳಾದೆವು, ಆಮೇಲೆ ಐದು. ಒಬ್ಬಳಿಗೆ ಮಂಡಿ, ಒಬ್ಬಳಿಗೆ ಕಣ್ಣು. ಇನ್ನೊಬ್ಬಳು ಮೂರು ಹೆಜ್ಜೆ ಮುಂದೆ ಬಂದರೆ ಹಿಂದೆ ಸರಿಯಲು ಮರೆತು ಎದುರು ಸಾಲಿನಲ್ಲೇ ನಿಂತುಬಿಡುತ್ತಿದ್ದಳು. "ಹೋಗ್ಲಿ ಬಿಡ್ರೇ, ಅವಳನ್ನ ಆ ಕಡೆಗೇ ಕೊಟ್ಬಿಡೋಣ" ಎನ್ನುತ್ತಿದ್ದಳು ತರ್ಫಾ. ಕೇಂದ್ರದ ಹುಡುಗಿಯೊಬ್ಬಳು, ಹಾಡುವುದು ನಿಮ್ಮ ರಕ್ತದೊತ್ತಡಕ್ಕೆ ಒಳ್ಳೆಯದು ಅಜ್ಜಿ ಎಂದಳು. "ನಿನ್ನ ರಕ್ತದೊತ್ತಡ ನೀನು ನೋಡ್ಕೋ ತಾಯಿ. ನಾವು ಹಾಡೋದು ಎದುರಿನವ್ರನ್ನ ಸೋಲ್ಸೋಕೆ" ಎಂದಳು.

ಕಳೆದ ಚಳಿಗಾಲದಲ್ಲಿ ಅವಳ ಎದೆಯಲ್ಲಿ ನೀರು ತುಂಬತೊಡಗಿತು. ಮೆಟ್ಟಿಲು ಹತ್ತಿದರೆ ಏದುಸಿರು. ಹಯಾ ಬೇಡವೆಂದರೂ ಮಂಗಳವಾರ ತಪ್ಪಿಸಲಿಲ್ಲ. ಕೊನೆಯ ಮಂಗಳವಾರ ನಾವು ಮೂರು ಹೆಜ್ಜೆ ಮುಂದೆ ಬಂದೆವು. ಅವಳು ಪದ ಎತ್ತಿದಳು. "ಗೋಡೆಯಾಚೆಯ ಗೆಳತೀ" ಎನ್ನುವಷ್ಟರಲ್ಲಿ ಉಸಿರು ಕಟ್ಟಿತು. ನನ್ನ ಕೈಯಲ್ಲಿದ್ದ ಅವಳ ಕೈ ತಣ್ಣಗಾಯಿತು. ನಾನು ಹಾಡಬೇಕಿತ್ತು, ಗಾಬರಿಯಲ್ಲಿ ನನಗೆ ಸ್ವರವೇ ಹೊರಡಲಿಲ್ಲ. ಆಗ ಎದುರಿನಿಂದ ಲುಲ್ವಾ ಬಾಯಿ ಹಾಕಿದಳು. ಸರದಿಯಲ್ಲ, ಕ್ರಮವಲ್ಲ, ಎಂದೂ ಯಾರೂ ಮಾಡಿದ್ದಲ್ಲ. ತನ್ನ ಸಾಲು ಬಿಟ್ಟು ಒಬ್ಬಳೇ ಮುಂದೆ ಬಂದು, "ನನ್ನಲ್ಲಿ ಸುಳ್ಳಿಲ್ಲ" ಎಂದು ತರ್ಫಾಳ ಅರ್ಧ ಪದವನ್ನು ಮುಗಿಸಿಕೊಟ್ಟಳು. ಮರುಗಳಿಗೆಯಲ್ಲೇ ಅಬಾಯಾ ಸುತ್ತಿಕೊಂಡು ಹೊರಟುಹೋದಳು.

ಮರುದಿನ ತರ್ಫಾಳನ್ನು ಆಸ್ಪತ್ರೆಗೆ ಸೇರಿಸಿದರು. ನಾನು ಹೋದಾಗ ಮೂಗಿಗೆ ನಳಿಕೆ ಇತ್ತು. ಹಯಾಳನ್ನು ನೀರು ತರಲು ಕಳಿಸಿ, ನನ್ನನ್ನು ಹತ್ತಿರ ಕರೆದಳು.

"ಅವಳು ಮುಗಿಸಿಕೊಟ್ಳು, ಅಲ್ವೇನೇ?"

"ಹೂಂ, ಮುಗಿಸಿಕೊಟ್ಳು."

"ಹಾಡಲ್ಲಿ ಹೇಳಿದ್ದು ಹಾಡಿಗಾಯ್ತು. ಒಂದ್ಸಲ ಮಾತಲ್ಲಿ ಹೇಳ್ಲಿ. ನಾನು ಸುಳ್ಳು ಆಣೆ ಮಾಡ್ಲಿಲ್ಲ ಅಂತ ಅವಳ ಬಾಯಿಂದ ಕೇಳ್ಬೇಕು ವಸ್ಮಿಯಾ. ಅದನ್ನ ಕೇಳ್ದೆ ದೇವರ ಹತ್ರ ಹೋಗೋಕೆ ನಂಗೆ ಅವಮಾನ."

ಆಗಲೂ ನನ್ನ ಹೆಸರು ಹೇಳುತ್ತೇನೆಂದು ಅನ್ನಲಿಲ್ಲ. ನೀನು ಹೇಳು ಎಂದೂ ಕೇಳಲಿಲ್ಲ. ಗಂಡ ಸತ್ತು ಹನ್ನೊಂದು ವರ್ಷ, ಆ ದೋಣಿ ಮುರಿದು ಸೌದೆಯಾಗಿ ಎಷ್ಟೋ ಕಾಲ. ಇನ್ನು ನನಗೆ ಯಾರ ಹೆದರಿಕೆ? ನೆಟ್ಟಗೆ ಲುಲ್ವಾಳ ಮನೆಗೆ ಹೋದೆ. ಅವಳು ಹಾಸಿಗೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ನಾನು ನೋಡಿದೀನಿ. ಆವತ್ತು ಹಿತ್ತಲ ಬಾಗಿಲು ಕಾದೋಳು ನಾನೇ. ಜಬರ್ ಅವಳ ಹಾಲು ಕುಡಿದಿದ್ದಾನೆ" ಎಂದೆ. ಬೈಯುತ್ತಾಳೆ, ಎದ್ದು ಬಂದು ಹೊಡೆಯುತ್ತಾಳೆ ಅಂದುಕೊಂಡಿದ್ದೆ.

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನಂಗೊತ್ತು" ಎಂದಳು.

"ಏನು ಗೊತ್ತು?"

"ಜಬರನ ಮದುವೆ ಆದ ವರ್ಷ ನಮ್ಮತ್ತೆ ಸಾಯೋ ಮುಂಚೆ ಹೇಳಿದ್ರು. ನಮಾಜು ಮುಗ್ಸಿ ಬಂದು ನೋಡಿದ್ರೆ ಕೂಸಿನ ತುಟಿ ಮೇಲೆ ಹಾಲಿತ್ತಂತೆ. ಪುಡಿ ಇನ್ನೂ ಬಂದೇ ಇರ್ಲಿಲ್ವಂತೆ. ಮಾನಕ್ಕೆ ಹೆದರಿ ಅವ್ರೂ ಬಾಯಿ ಬಿಡ್ಲಿಲ್ಲ."

ನನಗೆ ಮೈಯೆಲ್ಲ ಉರಿಯಿತು. "ಇಪ್ಪತ್ತೆಂಟು ವರ್ಷದಿಂದ ಗೊತ್ತಿದ್ದೂ ಸುಮ್ನಿದ್ಯಾ? ನೀನು ಮನುಷ್ಯಳೇನೇ?"

"ಓಣಿ ನಡುವೆ ನಿಂತು ಬೈದಿದ್ದೆನಲ್ಲೇ. ಯಾವ ಮುಖ ಇಟ್ಕೊಂಡು ಹೋಗ್ಲಿ? ಈ ಈದಿಗೆ ಹೋಗ್ತೀನಿ, ಮುಂದಿನ ಈದಿಗೆ ಹೋಗ್ತೀನಿ ಅಂದ್ಕೊಂಡೆ. ವರ್ಷ ಹೋದ ಹಾಗೆ ಕಾಲೇ ಏಳ್ಲಿಲ್ಲ." ಆಗ ಅವಳ ಕೈ ನಿಂತಿತು. "ನೀನು ಮಾತ್ರ ಹೇಳ್ಬೇಡ. ನಾನೇ ಹೇಳ್ಬೇಕು. ಶುಕ್ರವಾರ ಶನಿವಾರ ರಜೆ, ಜನ ಮುತ್ತಿಕೊಂಡಿರ್ತಾರೆ. ಭಾನುವಾರ ಬರ್ತೀನಿ, ಅವಳೊಬ್ಳೇ ಇರೋವಾಗ. ಮಾತು ಕೊಡು ವಸ್ಮಿಯಾ."

ಕೊಟ್ಟೆ. ಶುಕ್ರವಾರ ಆಸ್ಪತ್ರೆಗೆ ಹೋದಾಗ ತರ್ಫಾ ಕೇಳಿದ್ದು ಒಂದೇ ಮಾತು: "ಏನಂದ್ಳು?" ಭಾನುವಾರ ಬರ್ತಾಳೆ, ತಾನೇ ಹೇಳ್ತಾಳಂತೆ ಎಂದೆ. "ಬಯ್ಯೋಕೋ, ಒಪ್ಪೋಕೋ?" ಎಂದಳು. ಆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. "ಅವಳೇ ಹೇಳ್ತಾಳೆ ಬಿಡು, ಎರಡು ದಿನ ತಾನೇ" ಎಂದುಬಿಟ್ಟೆ. ಅವಳು ಗೋಡೆಯ ಕಡೆಗೆ ಹೊರಳಿದಳು. ಬಯ್ಯೋಕೇ ಬರ್ತಾಳೆ ಎಂದೇ ತಿಳಿದಳೋ ಏನೋ. ಶನಿವಾರ ಬೆಳಗ್ಗೆ ಒಂಬತ್ತು ಗಂಟೆಗೆ ಹೋಗಿಬಿಟ್ಟಳು.

ಆ ಮಧ್ಯಾಹ್ನ ಮನೆ ತುಂಬ ಹೆಂಗಸರು. ಬಾಗಿಲಾಚೆ ಗಂಡಸರು. ಮೈ ತೊಳೆದು ಬಿಳಿಬಟ್ಟೆ ಸುತ್ತಿ ಆಗಿತ್ತು. ಓಣಿಯ ಹಿರಿಯರೊಬ್ಬರು ಹೊಸ್ತಿಲಲ್ಲಿ ನಿಂತು, ಗೋರಿಗೆ ಇಳಿಸುವವರು ಯಾರು ಎಂದು ಕೇಳಿದರು. ಹೆಣ್ಣು ಹೆಣವನ್ನು ಇಳಿಸುವುದಕ್ಕೆ ಮಗನೋ ತಮ್ಮನೋ ಇದ್ದರೆ ಮೇಲು. ತರ್ಫಾಳಿಗೆ ಮಗನಿಲ್ಲ, ಅಣ್ಣತಮ್ಮಂದಿರು ಒಬ್ಬರೂ ಉಳಿದಿಲ್ಲ, ಅಳಿಯನೂ ಇಲ್ಲ. ಹಯಾ ಬಾಯಿಗೆ ಬಟ್ಟೆ ಅಡ್ಡ ಹಿಡಿದುಕೊಂಡು, "ನಮ್ಮೋರು ಅಂತ ಯಾರೂ ಇಲ್ಲ, ನೀವೇ ಯಾರಾದ್ರೂ ಇಳ್ಸಿ" ಎಂದಳು.

ಹಿಂದಿನಿಂದ ಲುಲ್ವಾಳ ಸ್ವರ ಬಂತು. ಮೂವತ್ತು ವರ್ಷದ ಮೇಲೆ ಆ ಹೊಸ್ತಿಲು ದಾಟಿದ್ದಳು. "ಜಬರ್ ಇಳೀತಾನೆ" ಎಂದಳು, ಓಣಿಗೆಲ್ಲ ಕೇಳುವ ಹಾಗೆ. "ಅವನು ಅವಳ ಹಾಲು ಕುಡಿದ ಮಗ. ಅವಳ ಆಣೆ ನಿಜ. ಸುಳ್ಳಿ ನಾನು." ಹೊರಗೆ ನಿಂತಿದ್ದ ಮಗನಿಗೆ, "ಹೋಗಪ್ಪಾ, ನಿನ್ನ ಅಮ್ಮನ್ನ ಮಲಗ್ಸಿ ಬಾ" ಎಂದಳು. ಐವತ್ತು ದಾಟಿದ ಆ ಗಂಡಸು ಎಲ್ಲರೆದುರು ಗೊಳೋ ಎಂದು ಅತ್ತುಬಿಟ್ಟ. ಹೆಣಕ್ಕೆ ಹೆಗಲು ಕೊಟ್ಟು ಹೋದ.

ಸಂಜೆಗೆ ಮುಂಚೆ ಹಿಂದಿರುಗಿ ಬಂದಾಗ ಅವನ ತೋಳಿಗೆಲ್ಲ ಮಣ್ಣು ಮೆತ್ತಿತ್ತು. ಅವನನ್ನು ಕಂಡು ಹಯಾಳ ಕೈ, ಪರಗಂಡಸರೆದುರಿನ ಅಭ್ಯಾಸಬಲದಿಂದ, ತಲೆಬಟ್ಟೆ ಎಳೆದುಕೊಳ್ಳಲು ಹೋಯಿತು. "ಅಕ್ಕಾ, ಅಮ್ಮನ್ನ ಬಲಮಗ್ಗುಲಿಗೆ ಮಲಗ್ಸಿ ಬಂದೆ" ಎಂದ. ಅವಳ ಕೈ ಅಲ್ಲೇ ನಿಂತಿತು. ನನಗೆ ಅವರಿಬ್ಬರ ಮುಖ ನೋಡಲಾಗದೆ ಅಡುಗೆಮನೆಗೆ ಎದ್ದುಹೋದೆ.

ಲುಲ್ವಾ ನನ್ನ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದಳು. ನನ್ನ ಎರಡೂ ಕೈ ಹಿಡಿದುಕೊಂಡಳು.

"ವಸ್ಮಿಯಾ, ನಿಜ ಹೇಳು. ನಾನು ಬೇಡ ಅಂದಿದ್ರೂ ನೀನು ಅವಳಿಗೆ ಹೇಳಿರ್ತೀಯ, ಅಲ್ವಾ? ಹೇಳಿದೆ ಅನ್ನು. ಬೈಯೋದಿಲ್ಲ ಕಣೇ, ನಿನ್ ಕಾಲಿಗೆ ಬೀಳ್ತೀನಿ."

ಹೇಳಿದೆ ಎಂದು ಅನ್ನಬಹುದಿತ್ತು. ಯಾರು ಕೇಳುತ್ತಿದ್ದರು? ಆದರೆ ಅವಳ ಕಣ್ಣಿಗೆ ಕಣ್ಣಿಟ್ಟು ಸುಳ್ಳಾಡಲು ನನ್ನಿಂದಾಗಲಿಲ್ಲ. "ಇಲ್ಲ. ಕೇಳಿದ್ಳು, ನಾನು ಹೇಳ್ಲಿಲ್ಲ" ಎಂದೆ.

ಅವಳು ನನ್ನ ಕೈ ಬಿಟ್ಟು, ಗೋಡೆಗೆ ಒರಗಿ, ನೆಲಕ್ಕೆ ಕುಸಿದು ಕೂತಳು. "ಹಾಗಾದ್ರೆ ಅವಳಿಗೆ ಗೊತ್ತಾಗ್ಲೇ ಇಲ್ಲ" ಎಂದಳು.