ಕುರಿಮಂದೆಯ ಜೊತೆ ಹೊರಟ ಫ್ರಿಜ್ಜು

ಉಟ್ಕೂರಿನ ಆಶಮ್ಮನಿಗೆ ಸಕ್ಕರೆ ಕಾಯಿಲೆ ಬಂದಾಗ ಮನೆಯವರನ್ನು ಕಾಡಿದ್ದು ಕಾಯಿಲೆಯಲ್ಲ, ಇನ್ಸುಲಿನ್ ಸೀಸೆಗಳು. ದೀಪಾವಳಿ ಕಳೆದ ಮೇಲೆ ಅವರ ಕುರಿಮಂದೆ ಊರು ಬಿಡುತ್ತದೆ. ಹೊಲದವರಿಗೆ ಗೊಬ್ಬರವಾಗಲೆಂದು ಅಲ್ಲಲ್ಲಿ ಇಳಿಯುತ್ತ, ಮಕ್ತಲ್ ದಾಟಿ, ಕೃಷ್ಣೆಯ ಆಚೆ ಗದ್ವಾಲದ ಕಡೆ ಬೇಸಿಗೆಯವರೆಗೂ ತಿರುಗುತ್ತದೆ. ಬಯಲಿನಲ್ಲಿ ಕರೆಂಟು ಎಲ್ಲಿಯದು? ಸೀಸೆಗಳು ತಣ್ಣಗಿರಬೇಕು, ಆದ್ದರಿಂದ ಆಶಮ್ಮ ಮನೆಯಲ್ಲಿರಬೇಕು ಎಂದು ಗಂಡ ತಾಯಪ್ಪ ತೀರ್ಮಾನಿಸಿದ.

ಯಾವ ಕುರಿಯ ಕೆಚ್ಚಲು ಗಟ್ಟಿಯಾಗಿದೆ, ಯಾವ ತಾಯಿ ಮರಿಯನ್ನು ಒಲ್ಲದು ಎಂದು ನೋಡಿ ಸರಿಮಾಡುವುದು ಇಷ್ಟು ವರ್ಷವೂ ಆಶಮ್ಮನ ಕೆಲಸ. ಮನೆಯಲ್ಲಿ ಕೂತರೆ ಅವಳಿಗೆ ಉಳಿಯುವುದು ಅಡುಗೆಯೊಂದೇ. ಅದನ್ನು ಸೊಸೆ ರಜಿತಾ ಅವಳಿಗಿಂತ ಚೆನ್ನಾಗಿ ಮಾಡುತ್ತಿದ್ದಳು.

ದಾರಿ ಹುಡುಕಿದವನು ಮಗ ಮೌನೇಶ್. ಅವರ ಬಳಿ ಹಳೆಯ ಗೂಡ್ಸ್ ಗಾಡಿಯೊಂದಿತ್ತು. ಹಿಂಭಾಗಕ್ಕೆ ತಾಡಪಾಲು ಕಟ್ಟಿ ಹಲಗೆ ಹಾಕಿದ್ದರು. ಮಲಗುವುದೂ ಉಣ್ಣುವುದೂ ಅಲ್ಲೇ. ಮೌನೇಶ್ ಅದರ ನೆತ್ತಿಗೆ ಸೋಲಾರ್ ಪ್ಲೇಟು ಬಿಗಿದ, ಹಲಗೆಯ ಕೆಳಗೆ ಬ್ಯಾಟರಿ ಇಟ್ಟ, ಬ್ಯಾಟರಿಯಿಂದ ನಡೆಯುವ ಸಣ್ಣ ಫ್ರಿಜ್ಜು ತಂದ. ಜೊತೆಗೊಂದು ಕರಾರನ್ನೂ ಹಾಕಿದ.

“ಯವ್ವಾ, ಇದು ಕೈಕೊಡ್ತು ಅಂದ್ರ ಊರಿನ ಬಸ್ಸು ಹತ್ತಬೇಕು. ಅಳಾಕ ಕುಂದ್ರಬ್ಯಾಡ.”

“ನಾ ಯಾವಾಗ ಅತ್ತೀನಲೇ? ನಿಮ್ಮಪ್ಪನ್ನ ಕಟ್ಗೊಂಡಾಗೂ ಅತ್ತಿಲ್ಲ.”

ಹೊರಡುವ ದಿನ ತಾಯಪ್ಪ ಬೀರಪ್ಪನ ಗದ್ದುಗೆಗೆ ಹಾಸಿದ್ದ ಕರಿ ಕಂಬಳಿಯನ್ನು ತಂದು ಫ್ರಿಜ್ಜಿನ ಸುತ್ತ ಹೊದಿಸಿ ಹಗ್ಗ ಬಿಗಿದ. ಬಾಗಿಲು ತೆರೆಯುವಷ್ಟು ಜಾಗ ಮಾತ್ರ ಬಿಟ್ಟ. ಕುರಿಗಾರರಿಗೆ ಕಂಬಳಿ ಚಳಿಗೂ ಆಯಿತು, ಬಿಸಿಲಿಗೂ ಆಯಿತು. ತೋಯಿಸಿ ಕೊಡಕ್ಕೆ ಸುತ್ತಿದರೆ ನೀರು ತಂಪಾಗುತ್ತದೆ. ದೇವರ ಕಂಬಳಿಯಾದರೆ ಇನ್ನೂ ಒಳ್ಳೆಯದೇ.

ಗೊಬ್ಬರಕ್ಕೆಂದು ನಾವು ಕರೆಸಿದ್ದರಿಂದ ಮಂದೆ ಮಕ್ತಲ್ ಬಳಿಯ ನಮ್ಮ ಹೊಲದಲ್ಲಿ ಇಳಿಯಿತು. ಬೆಳಿಗ್ಗೆ ನೋಡಿದರೆ ಬ್ಯಾಟರಿ ಬರಿದಾಗಿತ್ತು. ಬೇವಿನ ನೆರಳಿನಲ್ಲಿ ನಿಂತದ್ದರಿಂದ ಪ್ಲೇಟಿಗೆ ಬಿಸಿಲು ಸಾಲಲಿಲ್ಲವೆಂದು ಮೌನೇಶ್ ಗಾಡಿಯನ್ನು ಬಯಲಿಗೆ ತಂದ. ಸಂಜೆಗೆ ಬ್ಯಾಟರಿ ತುಂಬಿತು, ಬೆಳಗಾಗುವುದರೊಳಗೆ ಮತ್ತೆ ಬರಿದು.

“ಅಪ್ಪಾ, ದಿನಾ ಫೋನಿನಾಗ ಡೊಳ್ಳಿನ ಪದ ಹಚ್ಚಿದ್ರ ಬ್ಯಾಟ್ರಿ ಎಲ್ಲಿ ಉಳೀತೈತಿ?”

“ಡೊಳ್ಳು ಕರೆಂಟ್ ತಿಂತೈತೇನೋ? ನಿಮ್ಮವ್ವ ಗಳಿಗಿಗೊಮ್ಮೆ ಬಾಗ್ಲ ತೆಗೀತಾಳ, ಆಕಿನ್ನ ಕೇಳು,” ಎಂದ ತಾಯಪ್ಪ.

“ತೆಗೀತೀನಿ. ನಿನ್ನ ಮಜ್ಜಿಗಿ ಚರಿಗಿ ಅದರಾಗ ಕುಂತೈತಲ್ಲ! ಕುಡಿಯಾಕ ನೀನು, ಬೈಸಿಗೊಳ್ಳಾಕ ನಾನು,” ಎಂದಳು ಆಶಮ್ಮ.

ಮಜ್ಜಿಗೆ ಹೊರಗೆ ಬಂತು. ಫೋನಿಗೆ ಚಾರ್ಜು ನಿಂತಿತು. ಗಾಡಿಯ ದೀಪವನ್ನೂ ಹಚ್ಚಲಿಲ್ಲ. ಕಂಬಳಿಯ ಮೇಲೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ. ಭಕ್ತಿಯಿಂದ ಇಟ್ಟ ವಸ್ತುವನ್ನು ಪರೀಕ್ಷಿಸುವ ರೂಢಿ ನಮ್ಮಲ್ಲಿಲ್ಲ. ತಾಯಪ್ಪ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದ.

ಮರುದಿನ ಬೆಳಿಗ್ಗೆ ಸೀಸೆಗಳು ಕೈಗೆ ಬೆಚ್ಚಗೆ ಹತ್ತಿದವು.

“ಮಧ್ಯಾಹ್ನದ ಬಸ್ಸಿಗೆ ಹೋಗಿಬಿಡವ್ವ,” ಎಂದ ಮೌನೇಶ್. ಅವನ ದನಿಯಲ್ಲಿ ಕೋಪವಿರಲಿಲ್ಲ. ಬಿಸಿಲೇರಿ ಫ್ರಿಜ್ಜು ಮತ್ತೆ ಗುಂಯ್‌ಗುಟ್ಟತೊಡಗಿದಾಗ ಆಶಮ್ಮ ಹೊರಡಲೆಂದು ಸೀರೆ ಮಡಚಲು ಗಾಡಿಯೊಳಗೆ ಹೋದಳು. ಹಿಂದಿನ ದಿನ ಹುಟ್ಟಿದ ನಿತ್ರಾಣದ ಮರಿಯೊಂದನ್ನು ಅಲ್ಲಿ ಗೋಣಿಚೀಲದ ಮೇಲೆ ಮಲಗಿಸಿದ್ದಳು. ಚೀಲ ಖಾಲಿಯಾಗಿತ್ತು. ಹುಡುಕಿದರೆ ಮರಿ ಫ್ರಿಜ್ಜಿನ ಹಿಂದೆ ತೂರಿ, ಕಂಬಳಿಯ ಅಂಚಿನೊಳಗೆ ತಲೆಯಿಟ್ಟು ನಿದ್ದೆ ಮಾಡುತ್ತಿತ್ತು. ನಡುಗುವ ಮರಿ ಕಾವಿರುವಲ್ಲಿಗೆ ಸರಿಯುತ್ತದೆ ಎಂಬುದು ಆಶಮ್ಮನಿಗೆ ಗೊತ್ತಿದ್ದ ಸಂಗತಿ. ಕಂಬಳಿಯೊಳಗೆ ಕೈ ಹಾಕಿ ನೋಡಿದಳು. ಕೂಡಲೇ ಹಗ್ಗ ಬಿಚ್ಚತೊಡಗಿದಳು.

“ಏಯ್! ದೇವರದು ಅದು!” ತಾಯಪ್ಪ ಹೊರಗಿನಿಂದಲೇ ಕೂಗಿದ.

“ಇಲ್ಲಿ ಬಂದು ಕೈ ಇಡು. ಒಲಿ ಐತಿ ಒಲಿ! ಒಳಗಿನ ಕಾವು ಬೆನ್ನಿಂದ ಹೊರಗ ಹಾಕ್ತೈತಿ ಇದು. ನೀ ಬೆನ್ನಽ ಮುಚ್ಚಿ ಕಟ್ಟೀದಿ. ಪಾಪ, ರಾತ್ರಿ ಹಗಲು ಓಡೇ ಓಡೈತಿ.”

ಫ್ರಿಜ್ಜು ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಬಿಸಿಯನ್ನು ಹೊರಗೆ ಸಾಗಿಸುತ್ತದೆ, ಅಷ್ಟೇ. ಹೊರಹಾಕಲು ಜಾಗವಿಲ್ಲದಿದ್ದರೆ ಬಿಡುವಿಲ್ಲದೆ ದುಡಿದು ಬ್ಯಾಟರಿಯನ್ನು ತಿಂದುಹಾಕುತ್ತದೆ. ಶಾಲೆಯಲ್ಲಿ ಕಲಿತ ನಾವೂ ಮನೆಯ ಫ್ರಿಜ್ಜನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತೇವೆ.

ತಾಯಪ್ಪ ಹಿಂದುಗಡೆ ಕೈಯಿಟ್ಟು ನೋಡಿದ. ಆಮೇಲೆ ಕಂಬಳಿಯನ್ನು ಕಣ್ಣಿಗೊತ್ತಿಕೊಂಡು, ಪಡುವಣ ಬಿಸಿಲು ಫ್ರಿಜ್ಜಿಗೆ ಬಡಿಯದಂತೆ, ಮೊಳದಷ್ಟು ದೂರದಲ್ಲಿ ಪರದೆಯ ಹಾಗೆ ಕಟ್ಟಿದ. ಬೆಚ್ಚಗಾಗಿದ್ದ ಸೀಸೆಗಳನ್ನು ನಂಬಬಾರದೆಂದು ಮೌನೇಶ್ ಮಕ್ತಲ್‌ಗೆ ಹೋಗಿ ಹೊಸವನ್ನು ತಂದ.

“ಮತ್ತ ಬಸ್ಸು?” ಎಂದು ಆಶಮ್ಮ ಕೇಳಿದಳು.

“ನಾಳೆ ಮುಂಜಾನಿ ಹೇಳ್ತೀನಿ.”

ಬೆಳಿಗ್ಗೆ ಬ್ಯಾಟರಿಯಲ್ಲಿ ಇನ್ನೂ ಕಸುವಿತ್ತು, ಸೀಸೆಗಳು ತಣ್ಣಗಿದ್ದವು. ಮೋಡ ಬಂದರೆ ಹೇಗೆಂದು ಮೌನೇಶ್ ತಗಾದೆ ತೆಗೆದ. ಅವಳು ಅದಕ್ಕೂ ಉಪಾಯ ಮಾಡಿದಳು: ಬಿಸಿಲಿರುವಾಗ ನೀರಿನ ಬಾಟಲಿಗಳನ್ನು ಫ್ರಿಜ್ಜಿನಲ್ಲಿಟ್ಟು ತಣಿಸುವುದು, ಹೊತ್ತು ಮುಳುಗಿದ ಮೇಲೆ ಬಾಗಿಲು ತೆರೆಯದಿರುವುದು. ಮೋಡವೂ ಬಂತು. ಬಾಟಲಿಗಳ ತಂಪು ಬೆಳಗಿನವರೆಗೆ ತಡೆಯಿತು. ಕರಾರು ರದ್ದಾಯಿತೆಂದು ಮೌನೇಶ್ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಮಂದೆ ಗದ್ವಾಲದ ಕಡೆ ಎದ್ದ ದಿನ ಅವನು ತಾಯಿಗೆಂದು ಗಾಡಿಯ ಮುಂದಿನ ಸೀಟು ಒರೆಸಿದ. ಆಶಮ್ಮ ಕುಂಟುತ್ತಿದ್ದ ಕುರಿಯೊಂದನ್ನು ತಂದು ಅಲ್ಲಿ ಕೂರಿಸಿ, ಕೋಲು ಹಿಡಿದು ನಡೆದೇ ಹೋದಳು.