ಹಿಂದಕ್ಕೆ ಓಡಿಸಿ ಕಲಿತ ಗೆಲುವು

ನಮ್ಮೂರ ಟ್ರ್ಯಾಕ್ಟರ್ ಸ್ಪರ್ಧೆಯ ಸಮಿತಿಯವರೇ, ನನ್ನ ತಂಗಿಯನ್ನು ಕಣದಿಂದ ಹೊರಗಿಟ್ಟವರು ನೀವು. ಅವಳು ದೇಶದ ಅತ್ಯುನ್ನತ ದರ್ಜೆಯ ಕಾರ್ ರೇಸ್ ಗೆದ್ದ ಮರುದಿನ ಊರ ಅಗಸಿಬಾಗಿಲಿಗೆ ಅವಳ ಬ್ಯಾನರ್ ಕಟ್ಟಿದವರೂ ನೀವೇ.

ನಮ್ಮ ಸಿಂದಗಿ ಸೀಮೆಯಲ್ಲಿ ಟ್ರ್ಯಾಕ್ಟರನ್ನು ಮುಂದಕ್ಕೆ ಓಡಿಸುವುದು ದುಡಿಮೆ. ಟ್ರಾಲಿ ಸಮೇತ ಹಿಂದಕ್ಕೆ ಓಡಿಸುವುದು ಮರ್ಯಾದೆಯ ಪ್ರಶ್ನೆ. ಸುಗ್ಗಿ ಮುಗಿದ ಹೊಲದಲ್ಲಿ ಸುಣ್ಣದ ಗೆರೆ ಎಳೆದರೆ ಸಾಕು, ಇಂಡಿ, ಮುದ್ದೇಬಿಹಾಳ, ಹೂವಿನ ಹಿಪ್ಪರಗಿಯಿಂದಲೂ ಚಾಲಕರು ಬರುತ್ತಾರೆ. ಗಾಬರಿಯಾಗಿ ಸ್ಟೇರಿಂಗ್ ಎಳೆದರೆ ಟ್ರಾಲಿ ಮಡಚಿಕೊಂಡು ಟ್ರ್ಯಾಕ್ಟರಿಗೇ ಬಡಿಯುತ್ತದೆ. ಕೈ ಹಗುರವಿರಬೇಕೆಂದು ಅಪ್ಪ ತಂಗಿಗೆ ನಮ್ಮ ಹೊಲದಲ್ಲೇ ಕಲಿಸಿದ್ದ.

ಅವಳು ಸ್ಪರ್ಧೆಗೆ ಹೆಸರು ಕೊಡಲು ಹೋದಾಗ ನಿಮ್ಮ ಸಮಿತಿಯ ಹಿರಿಯರೊಬ್ಬರು ನಕ್ಕರು. "ಹೆಣ್ಮಗಳು ಹಿಂದಕ ಹೊಡದು ಗೆದ್ದಳಂದ್ರ ಗಂಡಸರು ಏನ್ ಮಾಡಬೇಕ್ರಿ?"

ಜೊತೆಗೆ ಹೋಗಿದ್ದ ನಮ್ಮಜ್ಜಿ, "ನೀವು ಮುಂದಕ ಹೊಡೀರೆಪಾ" ಎಂದಳು. ಎಲ್ಲರೂ ನಕ್ಕರು. ಹೆಸರನ್ನು ಮಾತ್ರ ಯಾರೂ ಬರೆದುಕೊಳ್ಳಲಿಲ್ಲ.

ಕಾಲೇಜಿಗೆಂದು ಊರು ಬಿಟ್ಟವಳು ಅಲ್ಲಿ ರೇಸಿಂಗ್ ತಂಡವೊಂದರ ಆಯ್ಕೆ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಓಡಿದ ರೇಸುಗಳಲ್ಲಿ ಒಂದನ್ನೂ ಗೆದ್ದಿರಲಿಲ್ಲ. ದೇಶದ ಅತ್ಯುನ್ನತ ದರ್ಜೆಯ ಈ ರೇಸನ್ನೂ ಸೋತರೆ ತಂಡ ಅವಳನ್ನು ಕೈಬಿಡುವುದಿತ್ತು. ರೇಸಿನ ಭಾನುವಾರ ಮನೆಮಂದಿಯೆಲ್ಲ ಟಿವಿಯ ಮುಂದಿದ್ದೆವು. ಎರಡನೆಯವಳಾಗಿ ಕೊನೆಯ ಸುತ್ತಿಗೆ ಇಳಿದಳು. ಆಗಲೇ ಮಳೆ ಬಿತ್ತು. ತಿರುವಿನಲ್ಲಿ ಮುಂದಿನ ಕಾರು ಜಾರಿ ಹುಲ್ಲಿಗೆ ನುಗ್ಗಿತು. ಮರುಕ್ಷಣವೇ ಅವಳ ಕಾರಿನ ಹಿಂಭಾಗವೂ ಪಕ್ಕಕ್ಕೆ ಜಾರಿತು. ಅಪ್ಪನ ಕೈಗಳು ಗಾಳಿಯಲ್ಲೇ ಸ್ಟೇರಿಂಗ್ ಹಿಡಿದವು.

"ಎಳೀಬ್ಯಾಡವಾ, ಹಗೂರಕ" ಎಂದ, ಟಿವಿಗೆ.

ಅವಳು ಎಳೆಯಲಿಲ್ಲ. ಜಾರಿದ ಕಾರು ಒಮ್ಮೆ ಓಲಾಡಿ, ಪಳಗಿದ ಟ್ರಾಲಿಯಂತೆ ಸಾಲಿಗೆ ಬಂತು. ಅವಳ ಗೆಲುವಿಗೆ ಚೌಕಳಿ ಬಾವುಟ ಬೀಸಿದಾಗ ನಾನು ಅಂಗಳಕ್ಕೆ ಓಡಿ ದಾರಿಹೋಕರನ್ನೆಲ್ಲ ತಡೆದು ಹೇಳಿದೆ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ, ಹಿಂದೆ ಟ್ರಾಲಿಯೂ ಇರಲಿಲ್ಲ, ಅದೇನು ದೊಡ್ಡದು ಎಂದು ಗೊಣಗಿದಳು.

ಮೂರನೆಯ ದಿನ ತಾವು ಮನೆಗೆ ಬಂದು, ಈ ವರ್ಷದ ಸ್ಪರ್ಧೆಯನ್ನು ತಂಗಿಯೇ ಉದ್ಘಾಟಿಸಬೇಕೆಂದು ಕೇಳಿಕೊಂಡಿರಿ. ನಾನು ಫೋನು ಹಚ್ಚಿಕೊಟ್ಟೆ.

"ರಿಬ್ಬನ್ ಕತ್ತರಿಸಾಕ ಬರೂದಿಲ್ರಿ" ಎಂದಳು. "ಟ್ರಾಲಿ ಹಚ್ಚಿ ಇಡ್ರಿ, ಬರ್ತೇನಿ."

ತಾವು ಚಹಾ ಕುಡಿದು ಎದ್ದಿರಿ. ಆದ್ದರಿಂದ ಲಿಖಿತವಾಗಿ ಕೋರುತ್ತಿದ್ದೇನೆ: ಅಂದು ಅವಳ ಹೆಸರನ್ನು ಯಾವ ನಿಯಮದಡಿ ನಿರಾಕರಿಸಿದಿರಿ ಎಂಬುದನ್ನು ಊರಿನ ಮುಂದೆ ತಿಳಿಸಬೇಕು. ಈ ಸಲದ ಕಣಕ್ಕೆ ಸುಣ್ಣ ಹಾಕುವ ಮೊದಲೇ ಅವಳ ಹೆಸರನ್ನೂ, ಬಯಸುವ ಪ್ರತಿ ಹೆಣ್ಣುಮಗಳ ಹೆಸರನ್ನೂ ಚಾಲಕರ ಪಟ್ಟಿಯಲ್ಲಿ ಸೇರಿಸಬೇಕು. ಅಲ್ಲಿಯವರೆಗೆ ದಯವಿಟ್ಟು ಆ ಬ್ಯಾನರನ್ನು ಇಳಿಸಿ.